ಡಚ್ ಲೇಬಲ್‌ಗೆ ಚೀನೀ ಅನುವಾದಕರು: ಎಲ್ಲಿ ಹುಡುಕಬೇಕು, ಏನು ಕೇಳಬೇಕು

ನೆದರ್‌ಲ್ಯಾಂಡ್ಸ್‌ಗೆ ಬಂದು ಆಹಾರ ರಫ್ತು ಕಂಪನಿ ಸೇರಿದ್ದೀರಿ, ಡಚ್ಚಿನಿಂದ ಚೀನೀ ಭಾಷೆಗೆ ಲೇಬಲ್ ಅನುವಾದಿಸುವವರನ್ನು ಹುಡುಕುವ ಕೆಲಸ ಬಂದ ಕೂಡಲೇ ನಿಮ್ಮ ತಲೆಗೆ ಬಿದ್ದಿದೆ. ಹದಿನಾಲ್ಕು ವರ್ಷದಿಂದ ಇಲ್ಲಿ ಇದೇ ಕೆಲಸದಲ್ಲಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಎಲ್ಲರೂ ಮೊದಲು ಆರ್‌ಬಿಟಿವಿ ನೋಡಿ ಅನ್ನುತ್ತಾರೆ. ಅದು ಪ್ರಮಾಣ ಮಾಡಿದ ಅನುವಾದಕರ ಅಧಿಕೃತ ಪಟ್ಟಿ. ಕೋರ್ಟು ಕಾಗದ, ಜನನ ಪತ್ರಕ್ಕೆ ಸರಿ. ಲೇಬಲ್‌ಗೆ ಆ ಸೀಲು ಬೇಕಿಲ್ಲ. ಅನುವಾದಕರ ಸಂಘ ಎನ್‌ಜಿಟಿವಿಯಲ್ಲಿ ವಿಚಾರಿಸಿ. ಲೈಡನ್‌ನಲ್ಲಿ ಚೀನೀ ಕಲಿತವರು, ವಾಖನಿಂಗನ್‌ನಲ್ಲಿ ಆಹಾರ ವಿಜ್ಞಾನ ಓದಿದ ಚೀನೀಯರು ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಆಯ್ಕೆ ಎರಡನೆಯವರೇ, ಡಚ್ ಚೆನ್ನಾಗಿ ಬಂದರೆ ಮಾತ್ರ.

ಒಂದು ಮಾತನ್ನು ಖಂಡಿತ ಕೇಳಿ: ಡಚ್ಚಿನಿಂದ ನೇರವಾಗಿ ಮಾಡ್ತೀರಾ, ಇಲ್ಲಾ ಇಂಗ್ಲಿಷ್ ಮೂಲಕವಾ? ಒಮ್ಮೆ ಒಂದು ಅನುವಾದ ಸಂಸ್ಥೆ ನಮಗೆ ಇಂಗ್ಲಿಷ್ ಮೂಲಕ ಮಾಡಿಕೊಟ್ಟಿತ್ತು. ಫ್ಲಾ ಅಂದರೆ ಇಲ್ಲಿ ಪ್ಯಾಕಿನಿಂದ ಬಟ್ಟಲಿಗೆ ಸುರಿದು ತಿನ್ನುವ ಹಾಲಿನ ಸಿಹಿ. ಗಟ್ಟಿಯಾಗಲು ಸ್ಟಾರ್ಚ್ ಹಾಕುತ್ತಾರೆ. ನಮ್ಮದರಲ್ಲಿ ಮೊಟ್ಟೆ ಇರಲಿಲ್ಲ. ಇಂಗ್ಲಿಷಿನಲ್ಲಿ ಅದು ಕಸ್ಟರ್ಡ್ ಆಯ್ತು, ಚೀನೀ ಭಾಷೆಗೆ ಹೋದಾಗ ಹೆಸರಿನಲ್ಲೇ ಮೊಟ್ಟೆ ಸೇರಿಕೊಂಡಿತು. ಅಲರ್ಜಿ ಇರುವವರು ನಂಬಿ ಓದುವ ಲೇಬಲ್ ಅದು! ಪ್ರಿಂಟ್‌ಗೆ ಹೋಗುವ ಹಿಂದಿನ ದಿನ ಚೀನೀ ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿತ್ತು. ಇವತ್ತಿಗೂ ನೆನೆದರೆ ಭಯ ಆಗುತ್ತದೆ.

ಭಾಷೆ ಬಂದರಷ್ಟೇ ಸಾಲದು, ಅಲ್ವಾ. ಇಲ್ಲಿನ ಲೇಬಲ್‌ನಲ್ಲಿ ಉಪ್ಪು ಎಷ್ಟು ಅಂತ ಬರೆಯುತ್ತಾರೆ, ಚೀನಾದಲ್ಲಿ ಸೋಡಿಯಂ ಬರೆಯಬೇಕು. ಚೀಸ್‌ನಲ್ಲಿ 2 ಗ್ರಾಂ ಉಪ್ಪಿದ್ದರೆ ಅಲ್ಲಿ ಅದು 800 ಮಿಲಿಗ್ರಾಂ ಸೋಡಿಯಂ. 'ಉಪ್ಪು' ಅನ್ನೋ ಪದವನ್ನು ಸುಮ್ನೆ ಚೀನೀ ಮಾಡಿ, ಅಂಕಿ ಹಾಗೇ ಬಿಟ್ಟವರಿಗೆ ಕೆಲಸ ಕೊಡಬೇಡಿ. ತಯಾರಾದ ದಿನಾಂಕವನ್ನೂ ಅಲ್ಲಿ ಸಾಮಾನ್ಯವಾಗಿ ಹಾಕಬೇಕು. ಲಿಪಿಯೂ ಮುಖ್ಯ: ಚೀನಾಕ್ಕೆ ಸರಳ ಲಿಪಿ, ತೈವಾನ್, ಹಾಂಗ್‌ಕಾಂಗ್‌ಗೆ ಸಾಂಪ್ರದಾಯಿಕ ಲಿಪಿ.

ಒಂದೇ ಒಂದು ಲೇಬಲ್ ಕೊಟ್ಟು ಪರೀಕ್ಷಿಸಿ. ಅದಕ್ಕೂ ದುಡ್ಡು ಕೊಡಿ, ಪುಕ್ಕಟೆ ಮಾಡಿಸಬೇಡಿ. ಬಂದದ್ದನ್ನು ಇನ್ನೊಬ್ಬ ಚೀನೀ ಓದುಗರಿಗೆ ತೋರಿಸಿ.

ಚೀನಾದ ಲೇಬಲ್ ನಿಯಮ ಜಿಬಿ 7718ರ ಹೊಸ ರೂಪ 2025ರಲ್ಲಿ ಬಂದಿದೆ, 2027ರ ಮಾರ್ಚ್ 16ರಿಂದ ಜಾರಿ. ಯಾವ ರೂಪ ನೋಡಿ ಕೆಲಸ ಮಾಡ್ತೀರಿ ಅಂತ ಮೊದಲ ಫೋನಿನಲ್ಲೇ ಕೇಳಿ. ತಡವರಿಸಿದರೆ ಮುಂದಿನವರಿಗೆ ಫೋನ್ ಮಾಡಿ.