ಅಜ್ಜಿಯ ಹಾಡನ್ನು ತಿದ್ದಿ ಬರೆಯಲಾ, ನೆಟ್‌ನಿಂದ ಇಳಿಸಿಕೊಳ್ಳಲಾ?

ಎರಡೂ ಬೇಡ.

ನೀವು ಹತ್ತನೇ ತರಗತಿ. ಕನ್ನಡಕ್ಕೆ ಜನಪದ ಹಾಡು ಸಂಗ್ರಹಿಸೋ ಚಟುವಟಿಕೆ, ಸಮಾಜ ವಿಜ್ಞಾನಕ್ಕೆ ಊರಿನ ಇತಿಹಾಸ ಬರೆಯೋ ಚಟುವಟಿಕೆ. ಎರಡೂ ಟೈಮ್ ವೇಸ್ಟ್ ಅನಿಸ್ತಿದೆ, ಪರೀಕ್ಷೆಗೆ ಟೈಮ್ ಸಾಲಲ್ಲ, ಅಜ್ಜಿಗೆ ಹಾಡು ಬರುತ್ತೆ, ಆದರೆ ಅವರ ಕನ್ನಡ ಶುದ್ಧ ಇಲ್ಲ ಅಂತ ಬರೆದಿದ್ದೀರಿ. ಹತ್ತನೇ ತರಗತಿಯಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ. ಆಮೇಲೆ ಏನಾಯ್ತು ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮದು ಬಾಗಲಕೋಟೆ ಜಿಲ್ಲೆ. ಸಾಲಿಯಲ್ಲಿ ಕನ್ನಡಕ್ಕೆ ಒಬ್ಬರು ಅಕ್ಕೋರು, ಇತಿಹಾಸಕ್ಕೆ ಒಬ್ಬರು ಸರ್. ಇಬ್ಬರೂ ಮೊದಲೇ ಮಾತಾಡಿಕೊಂಡು ಪಾಠ ಮಾಡುತ್ತಿದ್ದರು. ಸರ್ ಚಾಲುಕ್ಯರನ್ನು ತೆಗೆದುಕೊಂಡ ವಾರವೇ ಅಕ್ಕೋರು ತ್ರಿಪದಿ ತೆಗೆದುಕೊಳ್ಳುತ್ತಿದ್ದರು.

ಒಮ್ಮೆ ಬಾದಾಮಿಗೆ ಕರೆದುಕೊಂಡು ಹೋದರು. ಹೋದವರೆಲ್ಲ ಗುಹೆ ನೋಡಿ, ಮಂಗಗಳಿಗೆ ಹೆದರಿ, ಫೋಟೋ ತೆಗೆದುಕೊಂಡು ವಾಪಸ್ ಬರ್ತಾರೆ ಅಲ್ವಾ? ಸರ್ ನಮ್ಮನ್ನು ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಆಚೆ, ಕಪ್ಪೆ ಅರಭಟ್ಟನ ಶಾಸನ ಇರೋ ಬಂಡೆಯ ಹತ್ತಿರ ನಡೆಸಿಕೊಂಡು ಹೋದರು. ಸುಮಾರು ಕ್ರಿ.ಶ. 700ರದ್ದು, ಒಟ್ಟು ಹತ್ತು ಸಾಲು. ಅದರೊಳಗಿನ ತ್ರಿಪದಿ ನಿಮಗೂ ಗೊತ್ತಿರಬಹುದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಅಕ್ಕೋರು ಮೊದಲು ಸುಮ್ನೆ ಓದಿದರು. ನಮಗೆ ಏನೂ ಅನಿಸಲಿಲ್ಲ. ಆಮೇಲೆ ಅದನ್ನೇ ಬೀಸೋ ಪದದ (ಬೀಸೋಕಲ್ಲಿನ ಮುಂದೆ ಹೆಂಗಸರು ಹಾಡೋ ಹಾಡಿನ) ಧಾಟಿಯಲ್ಲಿ ಎಳೆದು ಹಾಡಿದರು. ಹಿಂದೆ ನಿಂತಿದ್ದ ಹುಡುಗಿಯರು ತಾವಾಗೇ ದನಿ ಕೂಡಿಸಿದರು. ಅದು ಅವರ ಮನೆಯಲ್ಲಿ ಕೇಳಿದ ಧಾಟಿ, ನನ್ನ ಮನೆಯಲ್ಲೂ ಕೇಳಿದ್ದು. ಮೂರು ಸಾಲು, ಒಟ್ಟು ಹನ್ನೊಂದು ಗಣ (ಲಯದ ತುಣುಕು), ಮೂರೂ ಸಾಲಿನ ಎರಡನೇ ಅಕ್ಷರದಲ್ಲಿ 'ಧ' ಪ್ರಾಸ. ಬೋರ್ಡಿನ ಮೇಲೆ ಎಷ್ಟು ಸಲ ಹೇಳಿಸಿಕೊಂಡಿದ್ದರೂ ತಲೆಗೆ ಹೋಗದ ವಿಷಯ ಅಲ್ಲಿ ಕಿವಿಯಿಂದಲೇ ಒಳಗೆ ಹೋಯ್ತು.

ನಮ್ಮ ಗುಂಪಿನ ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ 'ಪೆರನಲ್ಲ' ಅನ್ನೋದನ್ನು 'ಬೇರೆಯವನಲ್ಲ' ಅಂತ ಬರೆದುಕೊಂಡ. ಸರ್ ಅದನ್ನು ಹೊಡೆಸಿ ಹಾಕಿದರು. "ಕಲ್ಲಿನ ಮ್ಯಾಲ ಹೆಂಗೈತಿ ಹಂಗ ಬರಿ. ಅರ್ಥ ಬ್ಯಾರೆ ಕಡೆ ಬರಿ." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ದಿನ ತರಗತಿಯಲ್ಲಿ ಐಹೊಳೆಯ ಮೇಗುತಿ ಗುಡಿಯ ಶಾಸನ. ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ ಸಂಸ್ಕೃತ ಕಾವ್ಯ ಅದು. ವರ್ಷವನ್ನೂ ರವಿಕೀರ್ತಿ ಪದ್ಯದಲ್ಲೇ ಬಿಡಿ ಬಿಡಿಯಾಗಿ ಹೇಳಿದ್ದಾನೆ. ಸರ್ ಆ ಸಂಖ್ಯೆಗಳನ್ನಷ್ಟೇ ಬೋರ್ಡಿಗೆ ಹಾಕಿದರು. ಭಾರತ ಯುದ್ಧ ಆಗಿ 30, 3000, 700, 5. ಶಕರ ಲೆಕ್ಕದಲ್ಲಿ 50, 6, 500. "ಕೂಡಿಸಿ ನೋಡ್ರಿ, ಯಾವ ವರ್ಷ?" ಅಂದರು. 3735, ಮತ್ತು ಶಕ 556. ಅದಕ್ಕೆ 78 ಸೇರಿಸಿದರೆ ಕ್ರಿ.ಶ. 634. ಉತ್ತರ ಮೊದಲು ಹೇಳಿದ್ದು ನಾನೇ. ಪದ್ಯದೊಳಗೆ ಇತಿಹಾಸ ಇರುತ್ತೆ, ಹುಡುಕಬೇಕು ಅಂತ ಅವತ್ತು ನನಗೆ ಪೂರ್ತಿ ಅರ್ಥ ಆಗಿದೆ ಅಂದುಕೊಂಡೆ.

ಅದಾದ ಮೇಲೆ ಬಂದದ್ದು ನಿಮಗೆ ಬಂದ ಚಟುವಟಿಕೆಯೇ. ಮನೆಯ ಹಿರಿಯರಿಂದ ತ್ರಿಪದಿ ಸಂಗ್ರಹಿಸಿ ತನ್ನಿ. ನಮ್ಮ ಆಯಿಗೆ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ) ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಪದ ಬರುತ್ತಿದ್ದವು. ಆಯಿಯ ತವರು ಮುಳುಗಡೆ ಊರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು 519.6 ಮೀಟರಿಗೆ ನಿಂತಾಗ ನೀರೊಳಗೆ ಹೋದ ಊರುಗಳಲ್ಲಿ ಅದೂ ಒಂದು. ಹಳೇ ಬಾಗಲಕೋಟೆಯ ಎಷ್ಟೋ ಮಂದಿ ನವನಗರಕ್ಕೆ ಬಂದ ಹಾಗೆ, ಆಯಿಯ ಅಣ್ಣತಮ್ಮಂದಿರು ಪುನರ್ವಸತಿ ಕೇಂದ್ರಕ್ಕೆ ಬಂದರು. ಅಲ್ಲಿ ಓಣಿಗಳು ಹಳೇ ಊರಿನ ಹಾಗಿಲ್ಲ. ಹಳೇ ನೆರೆಯವರು ಒಬ್ಬೊಬ್ಬರು ಒಂದೊಂದು ಕಡೆ ಆದರು.

ನಾನು ರಫ್ ನೋಟ್‌ಬುಕ್ ಹಿಡಿದು ಕುಳಿತೆ, ಆಯಿ ಹಾಡಿದರು. ಅದರಲ್ಲಿ ಒಂದು ಹೀಗಿತ್ತು:

ಹುಣಸೀಯ ಗಿಡ ಮೂರು ಹೊಳಿದಂಡಿ ಹಾದ್ಯಾಗ
ಎಣಿಸಿ ಇಳಿಯಂದ ನನ್ನಣ್ಣ | ದೋಣ್ಯಾಗ
ಮಣಿಗಾರ್ರ ಓಣಿ ಎಡಕಂದ

ಬರೆದುಕೊಂಡೆ. ಆದರೆ ಫೇರ್ ಕಾಪಿ ಮಾಡುವಾಗ ನನಗೆ ಇದು ಪದ್ಯ ಅನಿಸಲಿಲ್ಲ. ದಾರಿ ಹೇಳಿದ ಹಾಗಿದೆ, ಇದರಲ್ಲಿ ಭಾವ ಎಲ್ಲಿದೆ ಅಂದುಕೊಂಡೆ. 'ಹಾದ್ಯಾಗ', 'ಎಡಕಂದ' ಎಲ್ಲ ತಪ್ಪು ಕನ್ನಡ, ಅಕ್ಕೋರು ಮಾರ್ಕ್ಸ್ ಕಟ್ ಮಾಡ್ತಾರೆ ಅನ್ನೋ ಭಯ ಬೇರೆ. ಹಾಗಾಗಿ ಕೂತು ತಿದ್ದಿದೆ:

ಹುಣಸೆಯ ಮರದಡಿ ಹೊಳೆದಂಡೆ ದಾರಿಯಲಿ
ಎಣಿಸುತ ಕುಳಿತೆ ದಿನಗಳ | ತವರಣ್ಣ
ಮಣಿಹಾರ ತರುವ ನನಗೆಂದು

ಪ್ರಾಸ ತಪ್ಪಿಸಿಲ್ಲ ನೋಡಿ. ಹುಣ, ಎಣಿ, ಮಣಿ. ಬಾದಾಮಿಯಲ್ಲಿ ಕಲಿತದ್ದನ್ನು ಸರಿಯಾಗಿ ಬಳಸಿದೆ ಅಂತ ನನಗೆ ಖುಷಿ. ಉಳಿದ ಪದಗಳನ್ನೂ ಹೀಗೇ ತಿದ್ದಿದೆ. ಊರಿನ ಹೆಸರು ಬಂದ ಕಡೆ 'ತವರೂರು' ಅಂತ ಹಾಕಿದೆ. ಯಾರದೋ ಹೆಸರು ಬಂದರೆ 'ಗೆಳತಿ' ಅಂತ ಮಾಡಿದೆ. ಬಣ್ಣದ ಪೆನ್ನಿನಲ್ಲಿ ಬಾರ್ಡರ್ ಹಾಕಿ ಕೊಟ್ಟೆ. ಪೂರ್ತಿ ಅಂಕ ಬಂತು.

ಇಲ್ಲಿ ಏನೇನು ಹೋಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಆಗ ಯಾರೂ ಹೇಳಲಿಲ್ಲ. ಮೂಲದಲ್ಲಿ ಗಿಡ ಮೂರು. ನನ್ನದರಲ್ಲಿ ಲೆಕ್ಕವೇ ಇಲ್ಲ. ಮೂಲದಲ್ಲಿ ದೋಣಿ ಇದೆ, ಅಂದರೆ ಆ ಊರಿಗೆ ಹೊಳೆ ದಾಟಿ ಹೋಗುತ್ತಿದ್ದರು. ನನ್ನದರಲ್ಲಿ ದೋಣಿ ಇಲ್ಲ. ಮೂಲದಲ್ಲಿ ದೋಣಿ ಇಳಿದು ಮೇಲೆ ಬಂದರೆ ಎಡಕ್ಕೆ ಮಣಿಗಾರರ ಓಣಿ. ಅಂದರೆ ಬಳೆ, ಮಣಿ ಮಾರುವವರದ್ದೇ ಒಂದು ಓಣಿ ಆ ಊರಲ್ಲಿತ್ತು. ನಾನು ಓಣಿಯನ್ನು ಅಳಿಸಿ ಕೊರಳಿಗೆ ಹಾರ ಮಾಡಿದೆ. ಮದುವೆಯಾಗಿ ಹೋದ ತಂಗಿ ಒಬ್ಬಳೇ ತವರಿಗೆ ಬರುವಾಗ ದಾರಿ ತಪ್ಪಬಾರದು ಅಂತ ಅಣ್ಣ ಗುರುತು ಹೇಳಿದ್ದು ಆ ಪದ. ನೀರೊಳಗೆ ಹೋದ ಊರಿನ ದಾರಿ, ಹೊಳೆ, ಓಣಿ, ಕಸುಬು ಎಲ್ಲ ಮೂರು ಸಾಲಿನಲ್ಲಿತ್ತು. ಭಾವ ಇಲ್ಲ ಅಂದುಕೊಂಡದ್ದು ಎಂಥ ತಪ್ಪು! ಐಹೊಳೆಯ ಪದ್ಯದಲ್ಲಿ ವರ್ಷ ಹುಡುಕಿದ ನಾನೇ ನಮ್ಮ ಮನೆಯ ಪದ್ಯದಲ್ಲಿ ಊರನ್ನು ಹುಡುಕಲಿಲ್ಲ. ಬಾದಾಮಿಯ ಕಲ್ಲಿನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ, ಆಯಿಯ ಪದವನ್ನು ಮಾತ್ರ ಯಾರನ್ನೂ ಕೇಳದೆ ಬದಲಾಯಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಆಯಿಯನ್ನು ಮತ್ತೆ ಕೇಳಬಹುದಿತ್ತು. ಪಾಲಕರ ಸಭೆಯಲ್ಲಿ ಆಯಿ ಬಂದು ಹಾಡಲಿ ಅಂದರು ಅಕ್ಕೋರು. ನಾನು ತಿದ್ದಿದ ಪ್ರತಿ ಹಿಡಿದು ಮನೆಯಲ್ಲಿ ಆಯಿಗೆ ಅಭ್ಯಾಸ ಮಾಡಿಸಿದೆ. ಮೊದಲು ಆಯಿ "ಅದು ಹಂಗಲ್ಲೋ" ಅಂದರು. ನಾನು ಬಿಡಲಿಲ್ಲ. ಕೊನೆಗೆ, "ನೀ ಸಾಲಿ ಕಲ್ತಾಂವ. ನೀ ಬರದದ್ದು ಖರೆ ಇರ್ತೈತಿ" ಅಂತ ಅದನ್ನೇ ಕಲಿತುಕೊಂಡರು. ಸಭೆಯಲ್ಲಿ ಚೆನ್ನಾಗಿ ಹಾಡಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಮನೆಯಲ್ಲೂ ಅದನ್ನೇ ಹಾಡತೊಡಗಿದರು.

ಈಗ ನಾನು ಬಿ.ಎ. ಇತಿಹಾಸ ಓದುತ್ತಿದ್ದೀನಿ. ಮುಳುಗಡೆ ಊರುಗಳ ನೆನಪು ಸಂಗ್ರಹಿಸೋ ಪ್ರಾಜೆಕ್ಟ್ ತೆಗೆದುಕೊಂಡೆ. ಆಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಎತ್ತರಿಸಿದರೆ ಇನ್ನಷ್ಟು ಊರುಗಳು ಹೋಗ್ತವೆ, ಹಾಗಾಗಿ ಇದು ನಮ್ಮ ಕಡೆ ಹಳೇ ಕತೆ ಅಲ್ಲ. ಆಯಿಯ ಪದಗಳ ನೆನಪಾಗಿ ಫೇರ್ ಕಾಪಿ ತೆಗೆದೆ. ಅದರಲ್ಲಿ ಒಂದು ಊರೂ ಇಲ್ಲ, ಒಂದು ಹೆಸರೂ ಇಲ್ಲ. ರಫ್ ನೋಟ್‌ಬುಕ್ ರದ್ದಿಗೆ ಹೋಗಿತ್ತು. ಒಂದು ಹಾಳೆ ಮಾತ್ರ ಬೇರೆ ಪುಸ್ತಕದ ಒಳಗೆ ಸಿಕ್ಕಿತು, ಮೇಲೆ ಬರೆದ ಪದ ಅದರಲ್ಲಿದ್ದದ್ದು. ಆಯಿಗೆ ಈಗ ಮರೆವು ಜಾಸ್ತಿ. ಆ ಹಾಳೆ ಓದಿ ಹೇಳಿದರೆ "ಹೌದನ?" ಅಂತಾರೆ. ಹಾಡು ಅಂದರೆ ಮಣಿಹಾರವನ್ನೇ ಹಾಡ್ತಾರೆ. ಆಯಿಯ ತಮ್ಮನನ್ನು ಕೇಳಿದೆ. ಮೂರು ಹುಣಸೀಗಿಡ ಇದ್ದದ್ದು ಖರೆ, ಓಣಿ ಎಡಕ್ಕೇ ಇತ್ತು ಅಂದರು. ಬೇರೆ ಪದಗಳು ಅವರಿಗೆ ಬರಲ್ಲ. ಅವು ಹೆಂಗಸರ ಪದಗಳು.

ಇನ್ನು ನಿಮ್ಮ ಪ್ರಶ್ನೆ. ಎರಡು ಚಟುವಟಿಕೆ ಅಂದಿರಿ. ನನ್ನ ಪ್ರಕಾರ ಅದು ಒಂದೇ. ಅಜ್ಜಿಯ ಹಾಡು ಬರೆದುಕೊಂಡರೆ ಊರಿನ ಇತಿಹಾಸ ಅರ್ಧ ಬರೆದ ಹಾಗೆ. ಶಿಕ್ಷಕರಿಬ್ಬರನ್ನೂ ಕೇಳಿ ಒಂದೇ ಫೈಲ್ ಮಾಡಿಕೊಡಿ, ಒಪ್ಪುತ್ತಾರೆ.

ಪರೀಕ್ಷೆಗೆ ಟೈಮ್ ಸಾಲಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಪ್ರಥಮ ಭಾಷೆಯ 125ರಲ್ಲಿ 25 ಆಂತರಿಕ ಅಂಕವೇ. ಪ್ರಸ್ತಾರಕ್ಕೂ (ಪದ್ಯವನ್ನು ಗಣಗಳಾಗಿ ಬಿಡಿಸೋದಕ್ಕೂ) ಗೈಡ್ ನೋಡಿ ಲಘು ಗುರು ಬಾಯಿಪಾಠ ಮಾಡೋದಕ್ಕಿಂತ ಹಾಡಿ ಕಲಿಯೋದು ಬೇಗ ಆಗುತ್ತೆ. ಭಾಮಿನಿ ಷಟ್ಪದಿಯನ್ನು ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ ಅಂತ ಕೈ ತಟ್ಟಿ ಒಂದು ವಾರ ಹಾಡಿ ನೋಡಿ, ಆ ಷಟ್ಪದಿಯ ಯಾವ ಪದ್ಯ ಕೊಟ್ಟರೂ ಗಣ ತಾನೇ ಬಿಡಿಸಿಕೊಳ್ಳುತ್ತೆ.

ನೆಟ್‌ನಿಂದ ಇಳಿಸೋ ಮಾತಂತೂ ಬಿಡಿ. ಅಲ್ಲಿರೋದು ಬೇರೆಯವರ ಅಜ್ಜಿಯ ಹಾಡು. ನಿಮ್ಮ ಅಜ್ಜಿಯದ್ದು ಅಲ್ಲಿ ಇಲ್ಲ.

ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಹಾಡುವಾಗ ನಡುವೆ ಬಾಯಿ ಹಾಕಬೇಡಿ. ಮುಗಿದ ಮೇಲೆ ಕೇಳಿ: ಈ ಊರು ಎಲ್ಲಿ, ಇವರು ಯಾರು, ಇದನ್ನು ಯಾರಿಂದ ಕಲಿತೆ, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದೆ. ಆ ಉತ್ತರವೂ ರೆಕಾರ್ಡ್ ಆಗಲಿ. ಬರೆಯುವಾಗ ಎಡಗಡೆ ಪುಟದಲ್ಲಿ ಅಜ್ಜಿ ಅಂದದ್ದು ಅಂದ ಹಾಗೇ ಇರಲಿ, ಅರ್ಥ ಆಗದ ಮಾತೂ ಇರಲಿ. ಬಲಗಡೆ ಪುಟದಲ್ಲಿ ನಿಮಗೆ ತಿಳಿದ ಅರ್ಥ ಬರೆಯಿರಿ. ಶಿಕ್ಷಕರು ಭಾಷೆ ತಿದ್ದು ಅಂದರೆ ಬಲಗಡೆಯದ್ದನ್ನು ತಿದ್ದಿ, ಎಡಗಡೆಯದ್ದನ್ನು ಮುಟ್ಟಬೇಡಿ. ರಫ್ ನೋಟ್‌ಬುಕ್ ರದ್ದಿಗೆ ಹಾಕಬೇಡಿ. ಫೋನ್ ಕೆಟ್ಟರೆ ರೆಕಾರ್ಡಿಂಗ್ ಹೋಗುತ್ತೆ, ಅದಕ್ಕೇ ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.