ಓದುಗರ ಪ್ರಶ್ನೆ: ಸೆಳವಿನ ಜೊತೆ ಹೋಗಬೇಕೋ, ಎದುರು ಹೋಗಬೇಕೋ?

ಪ್ರಶ್ನೆ: ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದೇನೆ. ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಪವರ್‌ಬೋಟ್ (ಎಂಜಿನ್ ದೋಣಿ) ಲೆವೆಲ್ 2 ತರಬೇತಿ ಮುಗಿದಿದೆ, ಮುಂದೆ ಎರಡು ದಿನದ ಇಂಟರ್ಮೀಡಿಯೆಟ್ ಕೋರ್ಸ್. ಇಲ್ಲೇ ಹತ್ತಿರದ ಹ್ಯಾಂಬಲ್‌ನಿಂದ ಪಶ್ಚಿಮಕ್ಕೆ, ಐಲ್ ಆಫ್ ವೈಟ್ ದ್ವೀಪದ ಯಾರ್ಮೌತ್‌ಗೆ ಹೋಗಿಬರುವ ಯೋಜನೆ ಬರೆದು ತರಲು ಹೇಳಿದ್ದಾರೆ. ನೀರಿನ ಸೆಳವು ನಮ್ಮ ಜೊತೆಗಿರುವ ಹೊತ್ತಿಗೇ ಹೊರಡಬೇಕಲ್ಲವೇ? ಪೆಟ್ರೋಲ್ ಎಷ್ಟು ಬೇಕು?

ಉತ್ತರ: ಜೊತೆಗೇ ಇರಬೇಕೆಂಬುದು ಹಾಯಿದೋಣಿಯವರ ಲೆಕ್ಕ. ಐದು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ಕಡಲ ಮೈಲಿ; ಇಲ್ಲಿ ಮೈಲಿ ಎಂದರೆಲ್ಲ ಅದೇ) ವೇಗದ ದೋಣಿಗೆ ಎರಡು ನಾಟ್ ಸೆಳವು ಎದುರಾದರೆ ಅರ್ಧ ದಿನವೇ ಹೋಗುತ್ತದೆ. ನಿಮ್ಮದು 20 ನಾಟ್‌ನಲ್ಲಿ ಓಡುವ ದೋಣಿ. ಹತ್ತು ಮೈಲಿಗೆ ನಿಂತ ನೀರಿನಲ್ಲಿ 30 ನಿಮಿಷ, ಎರಡು ನಾಟ್ ಎದುರಿದ್ದರೆ 33 ನಿಮಿಷ ಚಿಲ್ಲರೆ. ಆ ಮೂರು ನಿಮಿಷಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ನೀವು ನೋಡಬೇಕಾದದ್ದು ಸೆಳವು ಗಾಳಿಗೆ ಎದುರಾಗಿದೆಯೇ ಎಂಬುದನ್ನು.

ದ್ವೀಪಕ್ಕೂ ಇಂಗ್ಲೆಂಡಿನ ನೆಲಕ್ಕೂ ನಡುವಿನ ಕಡಲ ಕಾಲುವೆಯಾದ ಸೊಲೆಂಟ್‌ನಲ್ಲಿ ಹೆಚ್ಚಾಗಿ ನೈಋತ್ಯದಿಂದ ಬೀಸುವ ಗಾಳಿ. ಇಲ್ಲಿನ ಸೆಳವಿನ ಹೊತ್ತನ್ನು ಎಣಿಸಲು ಬಳಸುವ ಪೋರ್ಟ್ಸ್‌ಮೌತ್ ಬಂದರಿನಲ್ಲಿ ಉಬ್ಬರ ತುಂಬುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಪಶ್ಚಿಮ ಸೊಲೆಂಟ್‌ನ ನೀರು ಪಶ್ಚಿಮಕ್ಕೆ ತಿರುಗುತ್ತದೆ. ಗಾಳಿ ಈ ಕಡೆಗೆ, ನೀರು ಆ ಕಡೆಗೆ. ಅಲೆ ಗೋಡೆಯಂತೆ ನೆಟ್ಟಗೆ, ಒತ್ತೊತ್ತಾಗಿ ಏಳುತ್ತದೆ. ಯಾರ್ಮೌತ್ ದಾಟಿದ ಮೇಲಿನ ಹರ್ಸ್ಟ್ ಕಿಂಡಿಯಲ್ಲಂತೂ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದ ದಿನಗಳಲ್ಲಿ ಸೆಳವು ನಾಲ್ಕು ನಾಟ್ ಮೀರುತ್ತದೆ. ಅಂಥ ನೀರಿನಲ್ಲಿ 20 ನಾಟ್ ಎಂಬುದು ಕಾಗದದ ಮೇಲಿನ ಮಾತು. ದೋಣಿ ನೀರಿನ ಮೇಲೆ ಜಾರುವುದು ಬಿಟ್ಟು, ಮೂತಿ ಎತ್ತಿ, ಹಿಂಭಾಗ ಊರಿ, ಹತ್ತು ನಾಟ್‌ನಲ್ಲಿ ಏದುಸಿರು ಬಿಡುತ್ತದೆ.

ಪೆಟ್ರೋಲ್ ಲೆಕ್ಕವೂ ಇಲ್ಲೇ ಬರುತ್ತದೆ. ಹೋಗಿಬರಲು ಒಟ್ಟು ಸುಮಾರು 24 ಮೈಲಿ. 20 ನಾಟ್‌ನಲ್ಲಿ ಗಂಟೆಗೆ 25 ಲೀಟರ್ ಕುಡಿಯುವ ಎಂಜಿನ್ನಾದರೆ 1.2 ಗಂಟೆಗೆ 30 ಲೀಟರ್. ಹೋಗಲು ಒಂದು ಪಾಲು, ಬರಲು ಒಂದು, ಆಪತ್ತಿಗೆ ಒಂದು ಎಂಬ ಮೂರು ಪಾಲಿನ ನಿಯಮದಂತೆ ಟ್ಯಾಂಕಿನಲ್ಲಿ 45 ಲೀಟರ್ ಇರಬೇಕು. ಅದೇ ದೋಣಿ ಅಲೆಯಲ್ಲಿ ಹತ್ತು ನಾಟ್‌ಗೆ ಇಳಿದು ಗಂಟೆಗೆ 18 ಲೀಟರ್ ಕುಡಿದರೆ 2.4 ಗಂಟೆಗೆ 43 ಲೀಟರ್ ಖರ್ಚು. ಆಪತ್ತಿನ ಪಾಲು ಆಪತ್ತಿಲ್ಲದೆಯೇ ಖಾಲಿ! ನಿಮ್ಮ ಎಂಜಿನ್ನಿನ ಅಂಕಿಯನ್ನು ಎರಡೂ ವೇಗದಲ್ಲಿ ಅಳೆದಿಟ್ಟುಕೊಳ್ಳಿ.

ಹಾಗಾಗಿ ನೈಋತ್ಯ ಗಾಳಿಯ ದಿನ ಪೋರ್ಟ್ಸ್‌ಮೌತ್ ಉಬ್ಬರಕ್ಕೆ ನಾಲ್ಕು ಗಂಟೆ ಮೊದಲು ಹೊರಡಿ. ಗಾಳಿ, ನೀರು ಎರಡೂ ನಿಮಗೆ ಎದುರು, ಆದರೆ ಅವೆರಡೂ ಒಂದೇ ದಿಕ್ಕಿಗೆ ಹೋಗುತ್ತಿರುವುದರಿಂದ ಅಲೆ ತಗ್ಗಿರುತ್ತದೆ. ಒಂದು ಗಂಟೆ ಪಯಣ, ಯಾರ್ಮೌತ್‌ನಲ್ಲಿ ಒಂದು ಗಂಟೆ ಚಹಾ, ನೀರು ತಿರುಗುವಷ್ಟರಲ್ಲಿ ವಾಪಸ್.

ದಾರಿಯಲ್ಲಿ ಕಷ್ಟದ ಜಾಗ ಕ್ಯಾಲ್‌ಶಾಟ್. ದೊಡ್ಡ ಹಡಗುಗಳು ಬ್ರಾಂಬಲ್ ಎಂಬ ಮರಳ ದಿಬ್ಬವನ್ನು ಬಳಸಿಕೊಂಡು ಅಲ್ಲಿ ಚೂಪಾಗಿ ತಿರುಗುತ್ತವೆ. (ಈ ದಿಬ್ಬ ನೀರು ತೀರ ಇಳಿದಾಗ ತಲೆ ಎತ್ತುತ್ತದೆ, ಅದರ ಮೇಲೆ ಕ್ರಿಕೆಟ್ ಆಡುವವರೂ ಇದ್ದಾರೆ.) 150 ಮೀಟರ್‌ಗಿಂತ ಉದ್ದದ ಹಡಗು ಆ ಪ್ರದೇಶದಲ್ಲಿರುವಾಗ ಅದರ ಮುಂದೆ 1000 ಮೀಟರ್, ಎರಡೂ ಪಕ್ಕ 100 ಮೀಟರ್ ಒಳಗೆ ಸಣ್ಣ ದೋಣಿ ಸುಳಿಯುವಂತಿಲ್ಲ. ಹಡಗು ಈಗ ಎತ್ತ ಮುಖ ಮಾಡಿದೆ ಎಂದು ನೋಡಿದರೆ ಸಾಲದು, ಇನ್ನೆರಡು ನಿಮಿಷಕ್ಕೆ ಎತ್ತ ತಿರುಗುತ್ತದೆ ಎಂದು ನೋಡಬೇಕು. ವಿಎಚ್‌ಎಫ್ ರೇಡಿಯೊದ ಚಾನೆಲ್ 12ರಲ್ಲಿ ಸೌತಾಂಪ್ಟನ್ ಬಂದರಿನವರ ಮಾತು ಕೇಳುತ್ತಿರಿ.

ಓಡುವ ದೋಣಿಯಲ್ಲಿ ಚಾರ್ಟ್ (ಕಡಲ ನಕ್ಷೆ) ಬಿಚ್ಚಿ ಸ್ಕೇಲ್ ಇಡುವುದು ಆಗದ ಮಾತು. ದಡದಲ್ಲೇ, ನೀರಿಗೆ ನೆನೆಯದ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದೊಂದು ತುಂಡು ದಾರಿಗೆ ಒಂದೊಂದು ಸಾಲು ಬರೆಯಿರಿ: ದಿಕ್ಕು, ಮೈಲಿ, ನಿಮಿಷ, ಎಡಬಲಕ್ಕೆ ಕಾಣಬೇಕಾದದ್ದು. 20 ನಾಟ್ ಎಂದರೆ ಆರು ನಿಮಿಷಕ್ಕೆ ಎರಡು ಮೈಲಿ, ಬಾಯಿಲೆಕ್ಕಕ್ಕೆ ಸುಲಭ. ಮೈಲಿಯನ್ನು ಚಾರ್ಟಿನ ಪಕ್ಕದ ಅಕ್ಷಾಂಶದ ಪಟ್ಟಿಯಲ್ಲೇ ಅಳೆಯಿರಿ, ಕೆಳಗಿನ ರೇಖಾಂಶದ ಪಟ್ಟಿಯಲ್ಲಿ ಅಳೆದರೆ ತಪ್ಪುತ್ತದೆ. ಜಿಪಿಎಸ್‌ಗೆ ಗುರಿಬಿಂದು ಕೊಡುವಾಗ ಬೋಯಾದ (ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತು) ನೆತ್ತಿಯ ಮೇಲೇ ಇಡಬೇಡಿ, ಸ್ವಲ್ಪ ಪಕ್ಕಕ್ಕಿಡಿ. ಪರದೆ ನೋಡುತ್ತಾ ಹೋಗಿ ಬೋಯಾಕ್ಕೇ ಗುದ್ದಿದವರು ಇದ್ದಾರೆ. ಮತ್ತೆ, ಕಿಲ್ ಕಾರ್ಡ್ (ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ) ತೊಡೆಗೆ ಸುತ್ತಿರಲಿ. ಹೊರಡುವ ಮೊದಲು ಎಳೆದು ನೋಡಿ, ಎಂಜಿನ್ ನಿಂತಿತೇ ಎಂದು.

ಪ್ರಶ್ನೆ: ಉಬ್ಬರದ ಎತ್ತರಕ್ಕೆ ಹನ್ನೆರಡರ ನಿಯಮ ಕಲಿತೆ: ಒಟ್ಟು ಏರಿಳಿತವನ್ನು ಹನ್ನೆರಡು ಪಾಲು ಮಾಡಿ, ಆರು ಗಂಟೆಗಳಲ್ಲಿ ಒಂದೊಂದು ಗಂಟೆಗೆ ಕ್ರಮವಾಗಿ 1, 2, 3, 3, 2, 1 ಪಾಲು. ಸೌತಾಂಪ್ಟನ್‌ನಲ್ಲಿ ಉತ್ತರ ಕೂಡುತ್ತಲೇ ಇಲ್ಲ.

ಉತ್ತರ: ಕೂಡುವುದಿಲ್ಲ. ಆ ನಿಯಮಕ್ಕೆ ನೀರು ಒಂದೇ ಹದದಲ್ಲಿ ಏರಿ ಇಳಿಯಬೇಕು. ಸೌತಾಂಪ್ಟನ್‌ನಲ್ಲಿ ಉಬ್ಬರ ಎರಡು ಸಲ ತುಂಬುತ್ತದೆ, ಆಮೇಲೆ ಇಳಿತ ಸರ್ರನೆ ಆಗುತ್ತದೆ. ಉಬ್ಬರದ ತುದಿ ಯಾವುದೆಂದೇ ಸ್ಪಷ್ಟವಿಲ್ಲದ್ದರಿಂದ ಹೊತ್ತುಹೊತ್ತಿಗೆ ನೀರಿನ ಎತ್ತರ ತೋರಿಸುವ ಅಲ್ಲಿನ ವಕ್ರರೇಖೆಯನ್ನು ನೀರು ಪೂರ್ತಿ ಇಳಿದ ಹೊತ್ತಿನಿಂದ ಎಣಿಸುವಂತೆ ಬರೆದಿರುತ್ತಾರೆ, ಅದನ್ನೇ ಬಳಸಿ. ನಿಮ್ಮ ಉಬ್ಬರ ಇಳಿತದ ಪಟ್ಟಿ ಗ್ರೀನಿಚ್ ಸಮಯದಲ್ಲಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿ. ಇದನ್ನು ಮರೆತು ಕೆಸರಿನಲ್ಲಿ ಕೂತವರೇ ಹೆಚ್ಚು.

ಪ್ರಶ್ನೆ: ನಮ್ಮದು ಮಲ್ಪೆ ಕಡೆ. ಬ್ರಿಟನ್ನಿನ ಈ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಬೋಯಾಗಳ ಬಣ್ಣ ಒಂದೇ: ಸಮುದ್ರದಿಂದ ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಇದು ತಿರುಗುಮುರುಗು. ನಮ್ಮ ಉಬ್ಬರದ ಏರಿಳಿತ ಪೋರ್ಟ್ಸ್‌ಮೌತ್‌ನದಕ್ಕಿಂತ ಬಹಳ ಕಡಿಮೆ, ಹಾಗೆಂದು ಸಲೀಸು ಎಂದುಕೊಳ್ಳಬೇಡಿ. ಅಳಿವೆಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಕಡಲಿನ ಅಲೆ ಎದುರಾದರೆ ಮರಳ ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಸೊಲೆಂಟ್‌ನಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಅಲೆ ಮಾಡುತ್ತದೆ, ಅಷ್ಟೇ. ಹೊರಗಿನಿಂದ ನೋಡಿದರೆ ಒಡೆಯುವ ಅಲೆಯ ಬೆನ್ನು ಮಾತ್ರ ಕಾಣುವುದರಿಂದ ಅಳಿವೆ ಶಾಂತವಾಗಿಯೇ ತೋರುತ್ತದೆ. ಒಳಬರುವ ಹೊತ್ತನ್ನು ನೀರು ಏರುವ ಕೊನೆಯ ಎರಡು ಗಂಟೆಗೆ ಹೊಂದಿಸಿ.