ಎರಡು ಕೆಂಡದ ಬೆಂಕಿಗಳು

ಓದುಗರ ಪತ್ರ: ಸ್ತ್ರೀ ಸಂಘದ ಖಜಾಂಚಿಯಾಗಿದ್ದಾಗ ಮಗಳ ಫೀಸಿಗೆಂದು ಸಂಘದ ಹಣ ತೆಗೆದೆ, ಸಿಕ್ಕಿಬಿದ್ದೆ. ಪೂರ್ತಿ ಕಟ್ಟಿ ಎರಡು ವರ್ಷವಾಯಿತು. ಕಟ್ಟಿದ ದಿನ ಕಮಿಟಿಯವರು ರಸೀತಿ ಕೊಟ್ಟರು, ಯಾರೂ ‘ಕೂತ್ಕೊಳ್ಳಿ’ ಎನ್ನಲಿಲ್ಲ. ಇಂದಿಗೂ ಆರಾಧನೆಯ ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಬರುತ್ತೇನೆ, ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಿಲ್ಲ. ದೇವರು ಕ್ಷಮಿಸಿದ್ದರೆ ಈ ನಾಚಿಕೆ ಯಾಕೆ ಹೋಗುತ್ತಿಲ್ಲ? (ಒಬ್ಬ ಸಹೋದರಿ)

ಪ್ರಿಯ ಸಹೋದರಿಯವರೇ,

ಆ ರಸೀತಿಯ ಮಾತು ಓದಿ ನನಗೆ ಮುಂದಕ್ಕೆ ಓದಲಾಗಲಿಲ್ಲ. ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಹಣ ಹಿಂದಕ್ಕೆ ಕೊಟ್ಟವನೇ. ಮೂವತ್ತು ಬೆಳ್ಳಿ ನಾಣ್ಯ ಹಿಡಿದು ಬಂದು, ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ‘ಅದು ನಮಗೇನು, ನೀನೇ ನೋಡಿಕೋ’ ಅಂದುಬಿಟ್ಟರು ಯಾಜಕರು. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯದಲ್ಲಿ ನನ್ನನ್ನು ಹೆಚ್ಚು ಹೆದರಿಸುವ ಮಾತು ಅದು.

ಯೂದ ಹಿಡಿದುಕೊಟ್ಟ ಅದೇ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರನೂ ಬಿದ್ದ, ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತ ‘ನಾನಲ್ಲ’ ಎಂದ. ಆ ಬೆಂಕಿಗೆ ಯೋಹಾನ ತನ್ನ ಸುವಾರ್ತೆಯಲ್ಲಿ ಬಳಸಿದ ಗ್ರೀಕ್ ಪದ ‘ಅಂಥ್ರಾಕಿಯಾ’. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ. ಇನ್ನೊಂದು ಅದೇ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಯೇಸು ಸತ್ತು ಎದ್ದ ಮೇಲೆ, ತಿಬೇರಿಯ ಸಮುದ್ರದ ದಡದಲ್ಲಿ, ಬೆಳಗಿನ ಜಾವ. ಈ ಸಲ ಕೆಂಡದ ಪಕ್ಕ ಕಾದಿದ್ದವರು ಯೇಸು ಸ್ವಾಮಿ. ಇದ್ದಲಿನ ವಾಸನೆ ಮೂಗಿಗೆ ಬಡಿದಾಗಲೇ ಪೇತ್ರನ ಎದೆ ಧಸಕ್ಕೆಂದಿರಬೇಕು! ಆದರೆ ಸ್ವಾಮಿ ಮೊದಲು ಲೆಕ್ಕ ಕೇಳಲಿಲ್ಲ. ‘ಬಂದು ಊಟ ಮಾಡಿರಿ’ ಎಂದರು, ರೊಟ್ಟಿ ಮೀನು ತಾವೇ ಕೊಟ್ಟರು. ಊಟವಾದ ಮೇಲೆಯೇ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳಿದ್ದು. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂದೂ ಬರೆದಿದೆ. ಸ್ವಾಮಿಯ ಎದುರೇ ಕುಳಿತವನಿಗೆ, ಅವರ ಕೈಯಿಂದಲೇ ಉಂಡವನಿಗೆ ನೋವಾಯಿತು. ಆದ್ದರಿಂದ ನಿಮ್ಮೊಳಗೆ ಇನ್ನೂ ಚುಚ್ಚುತ್ತಿದೆಯೆಂದರೆ ಕ್ಷಮೆ ಸಿಕ್ಕಿಲ್ಲ ಎಂದುಕೊಳ್ಳಬೇಡಿ.

ಸಂಘದ ಪೆಟ್ಟಿಗೆಯ ಬೀಗದ ಕೈ ಮತ್ತೆ ನಿಮಗೆ ಬರಬೇಕೆಂದು ನಾನು ಹೇಳುವುದಿಲ್ಲ, ಬರದಿದ್ದರೇ ನಿಮಗೂ ನೆಮ್ಮದಿ. ಪ್ರಭುಭೋಜನದ ಮೇಜಿನ ಮಾತು ಬೇರೆ. ಅಲ್ಲಿಗೆ ಕರೆದವರು ಕಮಿಟಿಯವರಲ್ಲ. ಈ ವಾರವೇ ನಿಮ್ಮ ಸಭಾಪಾಲಕರಾದ ಅಯ್ಯನವರ ಮನೆಗೆ ಹೋಗಿ, ನನಗೆ ಬರೆದದ್ದನ್ನೇ ಅವರ ಮುಂದೆ ಹೇಳಿ, ಜೊತೆಗೆ ಪ್ರಾರ್ಥಿಸಿ ಎಂದು ಕೇಳಿ.

ಇದನ್ನು ಓದುತ್ತಿರುವ ಸಭೆಯ ಹಿರಿಯರೇ, ನಿಮ್ಮಲ್ಲೂ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಒಬ್ಬರು ಕೂತಿರಬಹುದು. ಈ ಭಾನುವಾರ ಕೊನೆಯ ಕೀರ್ತನೆ ಶುರುವಾಗುವ ಮುಂಚೆ ಅವರ ಪಕ್ಕ ಹೋಗಿ ಕುಳಿತುಕೊಳ್ಳಿ.

ಸಂಪಾದಕ